ಪರೀಕ್ಷೆ ಸಾಲದು, ರುಜುವಾತು ಬೇಕು

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಲ್ಲಿ ನಮ್ಮ ಜಿಲ್ಲೆಯಿಂದ ಹೊಟ್ಟೆಪಾಡಿಗೆಂದು ಹೋಗಿ ನೆಲೆಸಿದವರು ಎಷ್ಟೋ ಮಂದಿ ಇದ್ದಾರೆ. ಅಲ್ಲಿಗೆ ಮೆಟ್ರೊ ರೈಲು ಬಂದದ್ದು 2014ರ ಮಾರ್ಚಿನಲ್ಲಿ. ಇಂದು ಅಲ್ಲಿ ಹಸಿರು ಮಾರ್ಗದ ಗಾಡಿ ಹತ್ತಿದ ಕಾರ್ಮಿಕನು ಆರ್.ವಿ. ರೋಡ್ ನಿಲ್ದಾಣದಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ಗಾಡಿ ಹಿಡಿದು ಬೊಮ್ಮಸಂದ್ರದ ಕಾರ್ಖಾನೆಗೆ ಹೋಗಬಹುದು. ಈ ಎರಡನೆಯ ಗಾಡಿಯನ್ನು ಚಾಲಕನಿಲ್ಲದೆಯೂ ಓಡಬಲ್ಲಂತೆ ರಚಿಸಲಾಗಿದೆ. ಮುಂದಿನ ಗಾಡಿ ಎಲ್ಲಿದೆ, ಎಷ್ಟು ವೇಗ ಸಲ್ಲುತ್ತದೆ, ಬ್ರೇಕು ಯಾವಾಗ ಬೀಳಬೇಕು ಎಂಬುದನ್ನೆಲ್ಲ ಲೆಕ್ಕ ಹಾಕುವುದು ಕಂಪ್ಯೂಟರು. ಅದು ತಪ್ಪುವುದಿಲ್ಲವೆಂಬುದಕ್ಕೆ ಟಿಕೆಟು ಕೊಂಡವನಿಗೆ ಸಿಗುವ ಭರವಸೆ ಏನು? "ಪರೀಕ್ಷಿಸಿ ನೋಡಿದ್ದೇವೆ" ಎಂದರೆ ಸಾಕೆ? ಸಾಲದೆಂಬುದು ನಮ್ಮ ಖಚಿತ ಅಭಿಪ್ರಾಯ.

ಕಾರಣವನ್ನು ಹೇಳುತ್ತೇವೆ. ಇಂಥ ಯಂತ್ರಗಳಲ್ಲಿ ಹಲವು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ. ಸಹಕಾರ ಸಂಘವೊಂದರ ಖಾತೆಯಲ್ಲಿ 100 ರೂಪಾಯಿ ಇದೆಯೆನ್ನಿ. ಇಬ್ಬರು ಗುಮಾಸ್ತರು ಒಟ್ಟಿಗೇ ಆ ಪುಟ ನೋಡುತ್ತಾರೆ. ಒಬ್ಬನು 50 ಕೂಡಿಸಿ 150 ಎಂದು ಬರೆಯುತ್ತಾನೆ. ಇನ್ನೊಬ್ಬನು ತಾನು ಮೊದಲು ಕಂಡ ನೂರಕ್ಕೆ 30 ಕೂಡಿಸಿ, ಅದೇ ಜಾಗದಲ್ಲಿ 130 ಎಂದು ಬರೆಯುತ್ತಾನೆ. 180 ಇರಬೇಕಾದಲ್ಲಿ 130 ಉಳಿಯಿತು. ಇಬ್ಬರೂ ಪ್ರಾಮಾಣಿಕರೇ, ಇಬ್ಬರ ಕೂಡಿಕೆಯೂ ಸರಿಯೇ. ತಪ್ಪು ಇದ್ದದ್ದು ಕೆಲಸಗಳು ಹೆಣೆದುಕೊಂಡ ಸರದಿಯಲ್ಲಿ.

ಹತ್ತು ಹತ್ತು ಹೆಜ್ಜೆಗಳ ಎರಡು ಕೆಲಸಗಳು ಹೆಣೆದುಕೊಳ್ಳಬಹುದಾದ ಸರದಿಗಳು 1,84,756. ಅಂಥ ಮೂರು ಕೆಲಸಗಳಾದರೆ ಐದೂವರೆ ಲಕ್ಷ ಕೋಟಿಗೂ ಮಿಕ್ಕುತ್ತವೆ. ನಿಜವಾದ ಪ್ರೋಗ್ರಾಮುಗಳಲ್ಲಿ ಹೆಜ್ಜೆಗಳು ಸಾವಿರಗಟ್ಟಲೆ. ಎಲ್ಲವನ್ನೂ ಓಡಿಸಿ ನೋಡುವ ಪರೀಕ್ಷೆ ಎಲ್ಲಿಂದ ಬರಬೇಕು?

ಇದು ಬರಿಯ ಊಹೆಯಲ್ಲ. ಕೆನಡದಲ್ಲಿ ತಯಾರಾದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು 1985ರಿಂದ 1987ರೊಳಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕಡೆಯ ಪಕ್ಷ ಮೂವರು ಸತ್ತರು. ನಡೆಸುವವರು ಬೇಗ ಬೇಗ ಗುಂಡಿ ಒತ್ತಿದಾಗ ಸರದಿ ತಪ್ಪುತ್ತಿದ್ದುದು ಒಂದು ಕಾರಣ. ಹಳೆಯ ಮಾದರಿಗಳಲ್ಲಿದ್ದ ಲೋಹದ ತಡೆಗಳನ್ನು ತೆಗೆದುಹಾಕಿ ಪ್ರೋಗ್ರಾಮನ್ನೇ ನಂಬಿದ್ದು ಇನ್ನೊಂದು. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಗಳಲ್ಲಿ ಸುಮಾರು ಐದು ಕೋಟಿ ಜನ ಕತ್ತಲೆಯಲ್ಲಿ ಮುಳುಗಿದರು. ಆ ದಿನ ಒಹಾಯೊದ ವಿದ್ಯುತ್ ನಿಯಂತ್ರಣ ಕೊಠಡಿಯ ಎಚ್ಚರಿಕೆ ಗಂಟೆಯನ್ನು ಮೂಕವಾಗಿಸಿದ್ದೂ ಇದೇ ಜಾತಿಯ ದೋಷ.

ಹಾಗಾದರೆ ಉಪಾಯವೇನು? ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಸಾವಿರ ತ್ರಿಕೋನಗಳನ್ನು ಅಳೆದು ಸಾಧಿಸುವುದಿಲ್ಲ. ಒಂದೇ ತರ್ಕದಿಂದ ಎಲ್ಲಕ್ಕೂ ಸಾಧಿಸುತ್ತೇವೆ. ಪ್ರೋಗ್ರಾಮಿನ ಎಲ್ಲ ಸರದಿಗಳಿಗೂ ಹೀಗೆಯೇ ಗಣಿತದ ರುಜುವಾತು ಕೊಡಬಹುದು. ಹಾಲೆಂಡಿನ ಡೈಕ್‌ಸ್ಟ್ರಾ 1965ರಲ್ಲಿ, ಇಬ್ಬರು ಒಟ್ಟಿಗೇ ಒಂದು ಪುಟಕ್ಕೆ ಕೈಹಾಕದಂತೆ ತಡೆಯುವ ಕ್ರಮವನ್ನು ಪ್ರಕಟಿಸಿದರು. 1977ರಲ್ಲಿ ಇಸ್ರೇಲಿನ ಪ್ನುಯೆಲಿ, "ಎಂದೆಂದಿಗೂ", "ಎಂದಾದರೊಂದು ದಿನ" ಎಂಬಂಥ ಕಾಲವಾಚಕ ಮಾತುಗಳ ತರ್ಕವನ್ನು ಈ ಕೆಲಸಕ್ಕೆ ತಂದರು. ಪ್ಯಾರಿಸಿನಲ್ಲಿ 1998ರಲ್ಲಿ ಆರಂಭವಾದ, ಚಾಲಕನಿಲ್ಲದ 14ನೆಯ ಮೆಟ್ರೊ ಮಾರ್ಗದ ಸುರಕ್ಷತೆಯ ಪ್ರೋಗ್ರಾಮನ್ನು ಗಣಿತದ ರುಜುವಾತಿನೊಡನೆಯೇ ರಚಿಸಲಾಯಿತು.

ದೂರದ ಪ್ಯಾರಿಸ್ ಏಕೆ? ಮಹಾಲಕ್ಷ್ಮಿ ಲೇಔಟಿಗೆ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಈ ವಿದ್ಯೆ ಇದೆ. ಸಣ್ಣ ಯಂತ್ರಗಳಲ್ಲಿ ಲೋಕದಾದ್ಯಂತ ಬಳಕೆಯಲ್ಲಿರುವ ಫ್ರೀಆರ್‌ಟಿಒಎಸ್ ಎಂಬ ಪ್ರೋಗ್ರಾಮಿನಲ್ಲಿ, ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ಗೊತ್ತುಮಾಡುವ ಭಾಗವನ್ನು ಅಲ್ಲಿನ ಪ್ರೊಫೆಸರ್ ದೀಪಕ್ ಡಿಸೋಜ ಮತ್ತು ಸಂಗಡಿಗರು ಗಣಿತದಿಂದ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನಾವು ಹೇಳಿದ ಗುಮಾಸ್ತರ ಪೈಪೋಟಿಯಂಥ ದೋಷಗಳನ್ನು ಅದೇ ಬಗೆಯ ಪ್ರೋಗ್ರಾಮುಗಳಲ್ಲಿ ಹುಡುಕುವ ವಿಧಾನವನ್ನು 2019ರಲ್ಲಿ ಅವರ ತಂಡ ಮುಂದಿಟ್ಟಿತು. ಜನರ ತೆರಿಗೆಯಿಂದ ನಡೆಯುವ ಸಂಸ್ಥೆಯ ವಿದ್ಯೆ ಜನರ ಪ್ರಾಣರಕ್ಷಣೆಗೆ ಒದಗದಿದ್ದರೆ ಇನ್ನಾವುದಕ್ಕೆ?

ಇದಕ್ಕೆ ಶ್ರಮವೂ ಹಣವೂ ಬೇಕೆಂಬುದು ನಿಜ. ಬೇಡಿಕೆಯನ್ನೇ ತಪ್ಪಾಗಿ ಬರೆದರೆ ರುಜುವಾತು ಆ ತಪ್ಪನ್ನೇ ಸಾಧಿಸುತ್ತದೆಂಬುದೂ ನಿಜ. ಆದ್ದರಿಂದಲೇ ಈ ಕೆಲಸವನ್ನು ಪಂಡಿತರಿಗೂ ಕಂಟ್ರಾಕ್ಟರರಿಗೂ ಬಿಟ್ಟು ಕೂರಲಾಗದು. ಯಾವುದನ್ನು ಸುರಕ್ಷಿತವೆನ್ನಬೇಕು ಎಂಬುದು ಗಣಿತ ಕೊಡುವ ಉತ್ತರವಲ್ಲ. ಗಾಡಿ ಹತ್ತುವ ಜನ ಕೇಳಬೇಕಾದ ಪ್ರಶ್ನೆ.

ನಾವು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ನಾವು ಕೇಳುವುದು ಮೂರೇ ಮಾತು. ರೈಲು, ಆಸ್ಪತ್ರೆ, ವಿದ್ಯುತ್ತುಗಳಿಗೆ ಕೊಳ್ಳುವ ಯಂತ್ರಗಳಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಭಾಗಕ್ಕೆ ರುಜುವಾತು ಕೊಡಬೇಕೆಂದು ಟೆಂಡರಿನಲ್ಲೇ ಬರೆಯಲಿ. ಅದನ್ನು ಪರಿಶೀಲಿಸುವವರು ಮಾರುವವರಾಗದೆ ಸಾರ್ವಜನಿಕ ಸಂಸ್ಥೆಯವರಾಗಲಿ. ಏನನ್ನು ಸಾಧಿಸಲಾಗಿದೆ, ಏನನ್ನು ಸಾಧಿಸಿಲ್ಲ ಎಂಬ ವರದಿ ಕನ್ನಡದಲ್ಲಿ ಪ್ರಕಟವಾಗಲಿ. ಸೇತುವೆ ಕಟ್ಟುವ ಎಂಜಿನಿಯರನಿಂದ ಲೆಕ್ಕ ಕೇಳುವ ಸರ್ಕಾರ, ಪ್ರೋಗ್ರಾಮು ಬರೆಯುವವನಿಂದಲೂ ಲೆಕ್ಕ ಕೇಳಲಿ.