ಭಟ್ಕಳದ ಕೋಠಿ ಮರೆಯಾದದ್ದೇಕೆ?

ಅಮೆರಿಕದ ಕಡಲಂಚಿನ ರೋನೋಕ್ ದ್ವೀಪದಲ್ಲಿ 1587ರಲ್ಲಿ ನೆಲೆಸಿದ ನೂರಕ್ಕೂ ಹೆಚ್ಚು ಆಂಗ್ಲರು 1590ರ ವೇಳೆಗೆ ಸುಳಿವಿಲ್ಲದೆ ಕಾಣೆಯಾಗಿದ್ದರು. ಅಲ್ಲಿನ ಕಂಬವೊಂದರ ಮೇಲೆ ಕೆತ್ತಿದ್ದ ಒಂದೇ ಪದವನ್ನು ಹಿಡಿದು ಇಂದಿಗೂ ಊಹೆಗಳು ಹುಟ್ಟುತ್ತಲೇ ಇವೆ. ಮಲೆನಾಡಿನ ಕಾಳುಮೆಣಸನ್ನೇ ನಂಬಿ ಭಟ್ಕಳದಲ್ಲಿ ತೆರೆದ ಆಂಗ್ಲ ಕೋಠಿಯೊಂದು ಸೊರಗಿ ಮರೆಯಾದ ಸಂಗತಿ ಮಾತ್ರ ನಮ್ಮ ವರ್ತಕರಲ್ಲೇ ಬಹುಮಂದಿಗೆ ತಿಳಿಯದು.

1635ರಲ್ಲಿ ದೊರೆ ಒಂದನೆಯ ಚಾರ್ಲ್ಸ್, ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಬದಿಗೊತ್ತಿ ಸರ್ ವಿಲಿಯಂ ಕೋರ್ಟೀನ್ ಎಂಬ ಸಾಹುಕಾರನ ಕೂಟಕ್ಕೆ ಪರವಾನಗಿ ಇತ್ತನು. ಕ್ಯಾಪ್ಟನ್ ವೆಡೆಲ್‌ನ ಹಡಗುಗಳು 1637ರಲ್ಲಿ ಭಟ್ಕಳ ಸೇರಿದವು. ಆ ಬಂದರು ಇಕ್ಕೇರಿಯ ವೀರಭದ್ರ ನಾಯಕನ ಅಧೀನದಲ್ಲಿದ್ದುದರಿಂದ, ಪೀಟರ್ ಮಂಡಿ ಎಂಬ ವರ್ತಕನೂ ಸೇರಿದಂತೆ ನಿಯೋಗವೊಂದು ಘಟ್ಟವೇರಿ, ಇಂದಿನ ಸಾಗರ ತಾಲ್ಲೂಕಿನ ಇಕ್ಕೇರಿಗೆ ಬಂದಿತು. ಮಂಡಿ ಆ ಪಯಣವನ್ನು ಬರೆದಿಟ್ಟನು.

ಆದರೆ ಹಡಗುಗಳು ಭಾರತ ಮುಟ್ಟುವ ಮೊದಲೇ, 1636ರ ಮೇ ತಿಂಗಳಲ್ಲಿ, ಕೋರ್ಟೀನ್ ಭಾರೀ ಸಾಲವನ್ನು ಬಿಟ್ಟು ತೀರಿಕೊಂಡಿದ್ದನು. ವೆಡೆಲ್ ಚೀನಾದತ್ತ ಹೊರಟು ಅಲ್ಲಿ ಜಗಳ ಕಟ್ಟಿಕೊಂಡನು. ಸ್ವದೇಶಕ್ಕೆ ಮರಳುವಾಗ, 1639ರಲ್ಲಿ, ಅವನೂ ಹಡಗುಗಳೂ ಕಾಣೆಯಾದವು. 1643ರಲ್ಲಿ ಕೋರ್ಟೀನನ ಮಗ ದಿವಾಳಿಯಾಗಿ ದೇಶ ಬಿಟ್ಟನು. ಬಂಡವಾಳವಿಲ್ಲದ ಕೋಠಿಗೆ ಘಟ್ಟದ ಮೇಲಿನ ಸಾಹುಕಾರ ಎಷ್ಟು ದಿನ ಉದ್ರಿ ಕೊಟ್ಟಾನು? ಈ ಕಣ್ಮರೆಯಲ್ಲಿ ನಿಗೂಢವೇನೂ ಇಲ್ಲ. ಇದು ಜಮಾಖರ್ಚಿನ ವಿಷಯ.

ಆದರೂ ಜನಕ್ಕೆ ರುಚಿಸುವುದು ಬೇರೆ ಕಥೆ. ನಾಯಿಯೊಂದು ದೇವಾಲಯದ ಹಸುವನ್ನು ಕೊಂದುದರಿಂದ ಕೆರಳಿದ ಜನ ಈ ಕರಾವಳಿಯ ಆಂಗ್ಲ ಕೋಠಿಯೊಂದರ ಹದಿನೆಂಟು ಮಂದಿಯನ್ನೂ ಕೊಂದರೆಂದು ಅಲೆಗ್ಸಾಂಡರ್ ಹ್ಯಾಮಿಲ್ಟನ್ 1727ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಲೆಕ್ಕಪತ್ರ ಉಳಿಯದ ಕಡೆ ಕಥೆಯೇ ದಾಖಲೆಯಾಗುತ್ತದೆ.

ಹೊಸನಗರ ತಾಲ್ಲೂಕಿನ ಬಿದನೂರಿನದೂ ಇದೇ ಪಾಡು. 1763ರಲ್ಲಿ ಹೈದರಾಲಿ ಅದನ್ನು ಗೆದ್ದದ್ದು, 1783ರಲ್ಲಿ ಆಂಗ್ಲರ ಕೈಗೆ ಬಿದ್ದು ಅದೇ ವರ್ಷ ಟಿಪ್ಪುವಿನ ವಶವಾದದ್ದು ಎಲ್ಲರಿಗೂ ಗೊತ್ತು. ಘಟ್ಟವಿಳಿದು ಕುಂದಾಪುರದ ಕಡೆಗೆ ಸರಕು ಸಾಗಿಸುತ್ತಿದ್ದ ಅಂಥ ರಾಜಧಾನಿ ಇಂದು ನಗರವೆಂಬ ಹಳ್ಳಿಯಾಗಿ ಉಳಿದುದರ ವ್ಯಾಪಾರದ ಲೆಕ್ಕವನ್ನು ಕೇಳುವವರು ವಿರಳ. ತೀರ್ಥಹಳ್ಳಿಯ ಕವಲೇದುರ್ಗಕ್ಕೆ ಹೋಗುವವರೂ ಕಲ್ಲುಗಳ ಚಿತ್ರ ತೆಗೆದು ಮರಳುತ್ತಾರೆ. ಶಿವಪ್ಪ ನಾಯಕನ ಶಿಸ್ತು ಇಂದಿಗೂ ಚರ್ಚೆಯಲ್ಲಿರುವುದು, 12 ವರ್ಷ ಬಿತ್ತನೆ, ಇಳುವರಿ, ಬೆಲೆಗಳನ್ನು ಬರೆದಿಟ್ಟು ಸರಾಸರಿ ತೆಗೆದು ಕಂದಾಯ ಕಟ್ಟಿದನೆಂಬ ಕಾರಣಕ್ಕೆ.

ಈ ಮೂರೂ ತಾಲ್ಲೂಕುಗಳ ಹಳೆಯ ಅಡಿಕೆ, ಮೆಣಸು, ಜವಳಿ ಅಂಗಡಿಗಳ ಅಟ್ಟಗಳಲ್ಲಿ ಖಿರ್ದಿ, ಖಾತೆಗಳು ಗೆದ್ದಲಿಗೆ ಆಹಾರವಾಗುತ್ತಿವೆ. 1964ರ ಲಿಂಗನಮಕ್ಕಿ ಜಲಾಶಯ ಊರುಗಳನ್ನೇ ಮುಳುಗಿಸಿತು. ಮನೆ ಬಿಟ್ಟು ಎದ್ದವರಿಗೆ ಹಳೆಯ ಕಡತ ಹೊರುವ ವ್ಯವಧಾನವೆಲ್ಲಿತ್ತು? ಕಂಪನಿ ಕಾಯ್ದೆ ಕೇಳುವುದು ಎಂಟು ವರ್ಷಗಳ ಲೆಕ್ಕಪುಸ್ತಕಗಳನ್ನು ಮಾತ್ರ. ಅದಾದ ಮೇಲೆ ಅವು ತೂಕಕ್ಕೆ ಹೋಗುತ್ತವೆ. ವಾಣಿಜ್ಯ ಸಂಸ್ಥೆಗಳು ಇಂಥ ಪುಸ್ತಕಗಳ ಪಟ್ಟಿ ಮಾಡಿ, ಮಾಲೀಕರ ಒಪ್ಪಿಗೆ ಪಡೆದು ಛಾಯಾಪ್ರತಿ ತೆಗೆಸಬೇಕು. ತಾಳೆಗರಿಗಳನ್ನು ಕಾಪಾಡಿರುವ ಕೆಳದಿಯ ವಸ್ತುಸಂಗ್ರಹಾಲಯದ ನೆರವು ಕೋರಬೇಕು. ಸಾಲ-ಬಾಕಿಯ ಗುಟ್ಟು ಹೊರಬೀಳುವುದೆಂಬ ಅಳುಕು ಸಹಜವೇ. ಐವತ್ತು ವರ್ಷ ದಾಟಿದ ಪುಸ್ತಕಗಳಿಂದಲೇ ಆರಂಭಿಸಿದರೆ ಆ ತೊಡಕೂ ಬಾರದು. ಕೆಲಸ ಮಾತ್ರ ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕು.