ಕಾಲುವೆಯ ಕೊನೆಯ ಹೊಲ

ಕೃಷ್ಣೆ–ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿ, ಶೇಂಗಾಗಳಂತಹ ಅಲ್ಪ ನೀರಿನ ಬೆಳೆಗಳನ್ನೇ ಮುಖ್ಯವಾಗಿ ಎಣಿಸಿದ್ದರು. ಇಂದು ಸಿಂಧನೂರಿನ ಸುತ್ತ ಭತ್ತವೇ ಹಬ್ಬಿದೆ. ಮೇಲಿನ ಗದ್ದೆಗಳಲ್ಲಿ ನೀರು ನಿಂತು ನೆಲ ಸವಳಾಗುತ್ತದೆ. ಕೊನೆಯ ಹೊಲ ಬಿರುಕು ಬಿಡುತ್ತದೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯವು 133 ಟಿ.ಎಂ.ಸಿ.ಯಿಂದ ಸುಮಾರು 106ಕ್ಕೆ ಇಳಿದಿದೆ.

ಮೇಲಿನ ರೈತನು ದುಷ್ಟನಲ್ಲ, ಭತ್ತಕ್ಕೆ ಮಾರುಕಟ್ಟೆಯುಂಟು. ಆದರೂ ಹರಿಯುವ ನೀರು ಯಾರೊಬ್ಬರ ಸ್ವತ್ತೂ ಅಲ್ಲ. ನೀರಿನ ಸರದಿಯು ಕಾಲುವೆಯ ತುದಿಯಿಂದಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವು, ಧರ್ಮದ ಫಲ ಹಿರಿಯರಿಗಷ್ಟೇ ಅಲ್ಲ, ಕಿರಿಯರಿಗೂ ಸಾಧ್ಯವೆಂದು ಸಾರುತ್ತದೆ. ನೀರಿನ ಫಲವೂ ಹಾಗೆಯೇ ಎಲ್ಲರಿಗೂ ಸಲ್ಲಲಿ.