ಕೀಲು ಸವೆದಾಗ: ಬದಲಿಸುವ ಮೊದಲು ಕೇಳಿಸಿಕೊಳ್ಳಬೇಕು

ದುರಸ್ತಿ ಎಂಬುದು ಫಾರಸಿಯಿಂದ ಬಂದು ನಮ್ಮ ನುಡಿಯಲ್ಲಿ ನೆಲೆಯೂರಿದ ಮಾತು. ಅದರ ಮೂಲದಲ್ಲಿರುವ ‘ದುರುಸ್ತ್’ ಎಂಬ ಪದಕ್ಕೆ ಸರಿಯಾದದ್ದು, ನೆಟ್ಟಗಿರುವುದು ಎಂಬ ಅರ್ಥವಿದೆ. ಕೆಟ್ಟುಹೋದುದನ್ನು ಮರಳಿ ಸರಿಯಾದ ಸ್ಥಿತಿಗೆ ತರುವುದೇ ದುರಸ್ತಿ. ನಮ್ಮ ಮಹಾನಗರಗಳ ಕಾರು ಗ್ಯಾರೇಜುಗಳಲ್ಲಿ ಈಗ ಈ ಮಾತು ಕೇಳಿಬರುವುದು ಅಪರೂಪ. ಅದರ ಜಾಗದಲ್ಲಿ ‘ಚೇಂಜ್ ಮಾಡಬೇಕು’ ಎಂಬ ಮಾತು ಬಂದು ಕುಳಿತಿದೆ. ಏನು ಕೆಟ್ಟಿದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವ ಮುನ್ನವೇ ಏನೇನನ್ನು ಬದಲಿಸಬೇಕೆಂಬ ಪಟ್ಟಿ ಸಿದ್ಧವಾಗಿರುತ್ತದೆ. ಕಾರಿನ ಸಸ್ಪೆನ್ಷನ್ನಿನ ವಿಷಯದಲ್ಲಿ ಈ ರೂಢಿ ಎಲ್ಲಕ್ಕಿಂತ ಹೆಚ್ಚು ದುಬಾರಿಯಾದುದು, ಕೆಲವೊಮ್ಮೆ ಅಪಾಯಕಾರಿಯೂ ಆದುದು ಎಂಬುದು ನಮ್ಮ ಅಭಿಪ್ರಾಯ.

ಸಾಹಿತ್ಯದ ಬಳಗವೊಂದರಲ್ಲಿ ಸಸ್ಪೆನ್ಷನ್ನಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಪುಣೆಯಂಥ ಊರುಗಳಲ್ಲಿ ನೆಲೆಸಿರುವ ನಮಗೆ ಕಾರೆಂಬುದು ಊರಿನ ಕಡೆಗಿರುವ ಕೊಂಡಿ. ದಸರೆಗೋ ಮದುವೆಗೋ ಹುಬ್ಬಳ್ಳಿಯ ಕಡೆ ಹೊರಟರೆ 400 ಕಿಲೋಮೀಟರಿಗೂ ಮಿಕ್ಕಿದ ಹಾದಿ. ನಡುವೆ ಖಂಬಾಟ್ಕಿ ಘಾಟು, ಮುಗಿಯದ ಕಾಮಗಾರಿಗಳ ಅಡ್ಡದಾರಿಗಳು, ಮಳೆಗಾಲ ಬಿಟ್ಟುಹೋದ ಗುಂಡಿಗಳು. ಹಿಂದಿನ ಸೀಟಿನಲ್ಲಿ ಬೆನ್ನುನೋವಿನ ತಾಯಿಯೋ ತೂಕಡಿಸುವ ಮಗುವೋ ಇರುತ್ತಾರೆ. ಆ ಕಾರಿನ ಚಕ್ರವನ್ನು ಹಿಡಿದಿಟ್ಟುಕೊಂಡಿರುವ ಕೀಲುಗಳ ವಿಷಯ ನಮಗೆ ತಿಳಿದಿರಬೇಕಾದದ್ದೇ.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮವರ ಮನೆಗಳ ಮುಂದೆ ಹೆಚ್ಚಾಗಿ ಬಂದು ನಿಂತಿರುವುದು ಕ್ರಾಸೋವರ್ ಎಂಬ ಬಗೆಯ ಕಾರು. 2012ರಲ್ಲಿ ಡಸ್ಟರ್, 2013ರಲ್ಲಿ ಇಕೋಸ್ಪೋರ್ಟ್, 2015ರಲ್ಲಿ ಕ್ರೆಟಾ, 2016ರಲ್ಲಿ ವಿಟಾರಾ ಬ್ರೆಝಾ ಬಂದವು. ಇವು ನೋಟಕ್ಕೆ ಜೀಪಿನ ಗತ್ತನ್ನು ತೋರಿದರೂ ಒಳಗಿನ ಕಟ್ಟಡದಲ್ಲಿ ಕಾರುಗಳೇ. ಜೀಪಿಗೆ ಇರುವಂಥ ಪ್ರತ್ಯೇಕ ಉಕ್ಕಿನ ಚೌಕಟ್ಟು ಇವಕ್ಕಿಲ್ಲ. ಮುಂದಿನ ಚಕ್ರಗಳಿಗೆ ಸಣ್ಣ ಕಾರುಗಳಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಟ್ವಿಸ್ಟ್ ಬೀಮ್ ಎಂಬ ಸರಳ ಅಡ್ಡತೊಲೆ. ನೆಲದಿಂದ ಎತ್ತರದಲ್ಲಿರುವುದರಿಂದ ಗುಂಡಿಗಳನ್ನು ಲೆಕ್ಕಿಸದೆ ಓಡಿಸಬಹುದೆಂಬ ಧೈರ್ಯ ಮಾಲೀಕರಿಗೆ ಬರುತ್ತದೆ. ಎತ್ತರದಿಂದ ಕಾರಿನ ಹೊಟ್ಟೆ ನೆಲಕ್ಕೆ ತಾಗುವುದು ತಪ್ಪುತ್ತದೆ ಅಷ್ಟೇ. ಚಕ್ರ ಗುಂಡಿಗೆ ಬಿದ್ದಾಗಿನ ಪೆಟ್ಟು ಕೀಲುಗಳಿಗೆ ತಪ್ಪುವುದಿಲ್ಲ. ಚಕ್ರ ದೊಡ್ಡದು, ಕಾರಿನ ತೂಕವೂ ಹೆಚ್ಚು. ಆದ್ದರಿಂದ ಪೆಟ್ಟು ಇನ್ನಷ್ಟು ಬಲವಾಗಿಯೇ ಬೀಳುತ್ತದೆ.

ಮ್ಯಾಕ್‌ಫರ್ಸನ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಸಣ್ಣ ಕಾರೊಂದಕ್ಕಾಗಿ ಈ ಕಲ್ಪನೆಯನ್ನು ಬೆಳೆಸಿದರು. ಆ ಕಾರು ಮಾರುಕಟ್ಟೆಗೆ ಬರಲಿಲ್ಲ. ಅವರು ಫೋರ್ಡ್ ಸಂಸ್ಥೆಗೆ ಹೋದ ಬಳಿಕ, 1950ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಕಾನ್ಸಲ್ ಮತ್ತು ಝೆಫಿರ್ ಕಾರುಗಳ ಮೂಲಕ ಅದು ಹೆಸರಾಯಿತು. ನಮ್ಮಲ್ಲಿ ಅಂಬಾಸಡರ್ ಕಾರು ಮುಂದೆ ಟಾರ್ಷನ್ ಬಾರ್, ಹಿಂದೆ ಕಮಾನುಪಟ್ಟಿಗಳನ್ನು ಹೊತ್ತು ಓಡುತ್ತಿದ್ದ ಕಾಲದಲ್ಲಿ, 1983ರಲ್ಲಿ ಬಂದ ಮಾರುತಿ 800 ಈ ಸ್ಟ್ರಟ್ಟನ್ನು ಮಧ್ಯಮವರ್ಗದ ಮನೆಬಾಗಿಲಿಗೆ ತಂದಿತು. ಕೆಲವೇ ಭಾಗಗಳು, ಕಡಿಮೆ ಜಾಗ, ಕಡಿಮೆ ಖರ್ಚು ಎಂಬುದೇ ಅದರ ಗೆಲುವಿನ ಗುಟ್ಟು.

ಭಾಗಗಳು ಕೆಲವೇ ಆದುದರಿಂದ ಅವುಗಳ ಕೆಲಸವನ್ನು ತಿಳಿಯುವುದೂ ಕಷ್ಟವಲ್ಲ. ಸ್ಪ್ರಿಂಗು ಕಾರಿನ ಭಾರವನ್ನು ಹೊರುತ್ತದೆ. ಅದು ಕುಣಿಯುತ್ತಲೇ ಇರದಂತೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು ತಡೆಯುತ್ತದೆ. ಕೆಳಗಿನ ಲೋಅರ್ ಆರ್ಮ್ ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತದೆ. ಆ ತೋಳಿನ ಒಂದು ತುದಿಯಲ್ಲಿ ಬಾಲ್ ಜಾಯಿಂಟು, ಇನ್ನೊಂದು ತುದಿಯಲ್ಲಿ ರಬ್ಬರಿನ ಎರಡು ಬುಷ್‌ಗಳು. ಎಡಬಲದ ಚಕ್ರಗಳನ್ನು ಬೆಸೆದು ಕಾರು ಓಲಾಡದಂತೆ ನೋಡಿಕೊಳ್ಳುವುದು ಸ್ಟೆಬಿಲೈಜರ್ ಸಲಾಕೆ. ಅದರ ಎರಡು ತುದಿಗಳಲ್ಲಿ ತೆಳುವಾದ ಲಿಂಕ್ ರಾಡುಗಳು. ಚಕ್ಕಡಿಯ ಅಚ್ಚಿಗೂ ಮನುಷ್ಯನ ಮೊಣಕಾಲಿಗೂ ‘ಕೀಲು’ ಎಂಬ ಒಂದೇ ಪದವನ್ನು ಬಳಸುವ ನಮಗೆ ಇದು ಹೊಸ ವಿಚಾರವೇನೂ ಅಲ್ಲ. ಕೀಲು ಸವೆಯುತ್ತದೆ, ಸವೆದರೆ ಸದ್ದು ಮಾಡುತ್ತದೆ.

ಈ ಸದ್ದೇ ಮೊದಲ ಸಾಕ್ಷಿ. ಸದ್ದನ್ನು ಬಣ್ಣಿಸುವ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ವೈಯಾಕರಣರು ಅನುಕರಣಾವ್ಯಯವೆಂದು ಹೆಸರಿಟ್ಟ ಪದಗಳು ಮೆಕ್ಯಾನಿಕ್ಕಿನ ಎದುರು ನಿಂತಾಗ ಉಪಕರಣಗಳೇ ಆಗುತ್ತವೆ. ಹಾಳು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಟಕಟಕ ಎಂಬ ಸಣ್ಣ ಸದ್ದು ಬಂದು, ಎರಡೂ ಚಕ್ರಗಳು ಒಟ್ಟಿಗೆ ಹಂಪು ಹತ್ತುವಾಗ ಅದು ಕೇಳದಿದ್ದರೆ, ಮೊದಲು ಲಿಂಕ್ ರಾಡನ್ನು ಸಂಶಯಿಸಬೇಕು. ಎರಡೂ ಚಕ್ರಗಳು ಜೊತೆಯಾಗಿ ಏರಿದಾಗ ಸ್ಟೆಬಿಲೈಜರ್ ತಿರುಚಿಕೊಳ್ಳುವುದಿಲ್ಲ, ಲಿಂಕಿಗೆ ಕೆಲಸವಿರುವುದಿಲ್ಲ. ಒಂದು ಚಕ್ರ ಮಾತ್ರ ಗುಂಡಿಗಿಳಿದಾಗ ಅದಕ್ಕೆ ಎಳೆತ ಬೀಳುತ್ತದೆ. ಬ್ರೇಕು ಒತ್ತಿದಾಗ ಅಥವಾ ಗಾಡಿ ಹೊರಡುವಾಗ ಧಡ್ ಎಂದು ಒಂದೇ ಪೆಟ್ಟು ಕೇಳಿದರೆ ಲೋಅರ್ ಆರ್ಮಿನ ಬುಷ್‌ನತ್ತ ನೋಡಬೇಕು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕಿರ್ರ್ ಎಂದರೆ ಅಥವಾ ಸ್ಪ್ರಿಂಗು ಟೊಂಯ್ ಎಂದು ಮಿಡಿದರೆ ಸ್ಟ್ರಟ್ಟಿನ ಮೇಲ್ತುದಿಯ ಮೌಂಟು ಮತ್ತು ಬೇರಿಂಗನ್ನು ಪರೀಕ್ಷಿಸಬೇಕು. ಶಾಕ್ ಅಬ್ಸಾರ್ಬರಿನ ಸವೆತ ಎಷ್ಟೋ ಸಲ ಸದ್ದು ಮಾಡುವುದೇ ಇಲ್ಲ. ಹಂಪು ದಾಟಿದ ಮೇಲೂ ಕಾರು ತೊಟ್ಟಿಲಿನಂತೆ ತೂಗುವುದು, ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುವುದು ಅದರ ಗುರುತುಗಳು.

ಸದ್ದೆಲ್ಲವೂ ಸಸ್ಪೆನ್ಷನ್ನಿನದೇ ಆಗಿರಬೇಕಿಲ್ಲ. ಡಿಕ್ಕಿಯಲ್ಲಿ ಸಡಿಲವಾಗಿ ಬಿದ್ದಿರುವ ಜ್ಯಾಕು ಎಷ್ಟೋ ಮನೆಯವರ ನಿದ್ದೆ ಕೆಡಿಸಿದೆ. ಹಾಳು ರಸ್ತೆಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿದಾಗ ಸದ್ದು ನಿಂತುಹೋದರೆ ಅದು ಬ್ರೇಕ್ ಪ್ಯಾಡಿನದ್ದಾಗಿರುವ ಸಾಧ್ಯತೆ ಹೆಚ್ಚು. ಯಾವ ವೇಗದಲ್ಲಿ, ಯಾವ ಬದಿಯಲ್ಲಿ, ತಿರುವಿನಲ್ಲೋ ನೇರದಲ್ಲೋ, ಒಂದು ಚಕ್ರಕ್ಕೋ ಎರಡಕ್ಕೋ ಎಂಬುದನ್ನು ಒಂದು ವಾರ ಗಮನಿಸಿ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಕಾರನ್ನು ದಿನವೂ ಓಡಿಸುವವರಿಗೆ ದೊರೆಯುವ ಈ ಮಾಹಿತಿ ಎಂಥ ನಿಪುಣ ಮೆಕ್ಯಾನಿಕ್ಕಿಗೂ ಹತ್ತು ನಿಮಿಷದ ಓಡಾಟದಲ್ಲಿ ದೊರೆಯಲಾರದು.

ಕಿವಿಯ ಸಾಕ್ಷ್ಯವನ್ನು ಕೈಯ ಪರೀಕ್ಷೆ ದೃಢಪಡಿಸಬೇಕು. ಮೇಲೆತ್ತಿದ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಟವಿದ್ದರೆ, ಇನ್ನೊಬ್ಬರು ಬ್ರೇಕು ಒತ್ತಿ ಹಿಡಿಯಬೇಕು. ಆಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿ, ನಿಲ್ಲದಿದ್ದರೆ ಬಾಲ್ ಜಾಯಿಂಟಿನ ಕಡೆ. 3 ಮತ್ತು 9ರ ಜಾಗದಲ್ಲಿ ಮಾತ್ರ ಅಲುಗಿದರೆ ಟೈ ರಾಡಿನ ತುದಿಗಳನ್ನು ನೋಡಬೇಕು. ಲಿಂಕ್ ರಾಡನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗಲೇ ಪರೀಕ್ಷಿಸುವುದು ಲೇಸು. ಚಕ್ರಗಳು ತೂಗಾಡುವಾಗ ಸವೆದ ಲಿಂಕೂ ಬಿಗಿಯಾಗಿರುವಂತೆ ತೋರಬಹುದು. ಬಾನೆಟ್ಟನ್ನು ಒತ್ತಿ ಬಿಡುವ ಹಳೆಯ ಪರೀಕ್ಷೆ ಪೂರಾ ಸತ್ತ ಶಾಕ್ ಅಬ್ಸಾರ್ಬರನ್ನು ತೋರಿಸೀತು, ಅರೆಜೀವದ್ದನ್ನು ತೋರಿಸದು. ಅದರ ಮೈಮೇಲೆ ಎಣ್ಣೆಯ ತೆಳುಪಸೆ ಕಂಡರೆ ಗಾಬರಿ ಬೇಡ. ಎಣ್ಣೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕಾಲ ಮುಗಿದಿದೆ.

ನಮ್ಮ ಬಳಗದ ಹಿರಿಯರೊಬ್ಬರ ಎಂಟು ವರ್ಷದ ಕ್ರಾಸೋವರ್ ಕಾರಿಗೆ ಎಡಬದಿಯಲ್ಲಿ ಟಕಟಕ ಸದ್ದು ಬಂದಾಗ, ದೊಡ್ಡ ಕಾರ್ಯಾಗಾರವೊಂದು ಎರಡೂ ಸ್ಟ್ರಟ್ಟು, ಎರಡೂ ಲೋಅರ್ ಆರ್ಮು, ಮೌಂಟುಗಳು ಎಂದು ಅಂದಾಜುಪಟ್ಟಿ ಕೊಟ್ಟಿತು. ಚಕ್ರವನ್ನು ಅಲುಗಿಸಿ ನೋಡಿದವರು ಯಾರೂ ಇರಲಿಲ್ಲ. ಹಿರಿಯರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ತಮ್ಮ ಬಡಾವಣೆಯ ಮಿಸ್ತ್ರಿಯೊಬ್ಬನಲ್ಲಿಗೆ ಹೋದರು. ಆತ ಅವರೊಂದಿಗೆ ಎರಡು ಸುತ್ತು ಹೋಗಿಬಂದು, ಕಾರಿನಡಿ ಮಲಗಿ, ಎಡಗಡೆಯ ಲಿಂಕ್ ರಾಡನ್ನು ಹಿಡಿದು ಅಲುಗಿಸಿ ತೋರಿಸಿದ. ಕೆಲವು ನೂರು ರೂಪಾಯಿಗಳ ಆ ತುಂಡು ಬದಲಾದ ಮೇಲೆ ಸದ್ದು ನಿಂತಿತು. ದೊಡ್ಡ ಪಟ್ಟಿಯ ಮೊತ್ತ ಅದರ ಹತ್ತಾರು ಪಟ್ಟಿತ್ತು.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮಗೆ ಇಲ್ಲಿ ಒಂದು ವಿಪರ್ಯಾಸ ಕಾಣುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ 21ನೆಯ ನಿಯಮದ ಪ್ರಕಾರ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ಹಣವನ್ನು ಖರ್ಚು ಮಾಡುವಾಗ ವಹಿಸುವ ಎಚ್ಚರವನ್ನೇ ನಾವು ಸಾರ್ವಜನಿಕ ಹಣದ ವಿಷಯದಲ್ಲೂ ವಹಿಸಬೇಕು. ಕಚೇರಿಯ ಒಂದು ಕುರ್ಚಿ ಮುರಿದರೂ ಕಾರಣವೇನು, ದುರಸ್ತಿ ಸಾಧ್ಯವೇ, ಬದಲಿಸಿದರೆ ಎಷ್ಟು ಎಂದು ಕಡತದಲ್ಲಿ ಟಿಪ್ಪಣಿ ಬರೆಯುವ ನಾವೇ, ಸ್ವಂತ ಕಾರಿನ ಅಂದಾಜುಪಟ್ಟಿಯ ಕೆಳಗೆ ಓದದೆ ಸಹಿ ಹಾಕುತ್ತೇವೆ. ನಿಯಮವು ಸ್ವಂತ ಹಣದ ಎಚ್ಚರವನ್ನು ಮಾದರಿಯೆಂದು ನಂಬಿಕೊಂಡಿದೆ. ಆ ನಂಬಿಕೆಗೆ ನಾವು ತಕ್ಕವರಾಗಬೇಡವೇ?

ಎದುರುವಾದವನ್ನೂ ನ್ಯಾಯವಾಗಿ ಕೇಳಬೇಕು. ಬುಷ್‌ ಒಂದನ್ನೇ ಬದಲಿಸಲು ಹೈಡ್ರಾಲಿಕ್ ಪ್ರೆಸ್ಸು ಬೇಕು, ಸಮಯ ಬೇಕು, ಕೈಚಳಕ ಬೇಕು. ಕಳಪೆ ಬುಷ್‌ ಹಾಕಿದರೆ ಕೆಲವೇ ತಿಂಗಳಲ್ಲಿ ಗಿರಾಕಿ ಮತ್ತೆ ಬಾಗಿಲಲ್ಲಿ ನಿಲ್ಲುತ್ತಾನೆ. ಬಾಲ್ ಜಾಯಿಂಟೂ ಬುಷ್‌ಗಳೂ ಒಟ್ಟಿಗೆ ಸವೆದಿದ್ದರೆ ಇಡೀ ತೋಳನ್ನೇ ಬದಲಿಸುವುದು ಜಾಣತನ. ಮೇಲಾಗಿ ಬಿಡಿಭಾಗ ಬಿಡಿಯಾಗಿ ದೊರೆಯದಿದ್ದರೆ ಮೆಕ್ಯಾನಿಕ್ಕು ತಾನೆ ಏನು ಮಾಡಿಯಾನು? ಈ ಪ್ರಶ್ನೆ ಗ್ಯಾರೇಜಿಗಿಂತ ದೊಡ್ಡದು. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ದುರಸ್ತಿಗಾರರಿಗೆ ದೊರಕದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಯ ಹಾದಿ ಹಿಡಿಯಿತು. 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿಯೊಂದನ್ನು ರಚಿಸಿ, ಅದರ ವ್ಯಾಪ್ತಿಯಲ್ಲಿ ವಾಹನಗಳನ್ನೂ ಸೇರಿಸಿತು. ಹಕ್ಕು ಕಾಗದದಲ್ಲಿ ಎಷ್ಟೇ ಚೆನ್ನಾಗಿದ್ದರೂ, ಏನು ಕೆಟ್ಟಿದೆ ಎಂದು ಕೇಳುವ ಗಿರಾಕಿಯಿಲ್ಲದೆ ಅದಕ್ಕೆ ಜೀವ ಬಾರದು.

ಕೇಳಬೇಕು ಎಂದ ಮಾತ್ರಕ್ಕೆ ಎಲ್ಲದರಲ್ಲೂ ಉಳಿತಾಯ ಹುಡುಕಬೇಕೆಂದು ನಾವು ಹೇಳುತ್ತಿಲ್ಲ. ಆಟ ಬಂದ ಬಾಲ್ ಜಾಯಿಂಟನ್ನು ‘ಇನ್ನೊಂದು ಪ್ರವಾಸ ಆಗಲಿ’ ಎಂದು ಮುಂದೂಡುವುದು ಜೀವದೊಡನೆ ಆಡುವ ಜೂಜು. ಅದು ಕಳಚಿದರೆ ಚಕ್ರ ಹಿಡಿತ ತಪ್ಪಿ ಮಗುಚುತ್ತದೆ. ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಜೋಡಿಯಾಗಿಯೇ ಬದಲಿಸಬೇಕು, ಇಲ್ಲವಾದರೆ ಕಾರಿನ ಎರಡು ಬದಿಗಳು ಎರಡು ಬಗೆಯಾಗಿ ವರ್ತಿಸುತ್ತವೆ. ವಿಡಿಯೋ ನೋಡಿ ಮನೆಯಂಗಳದಲ್ಲಿ ಸ್ಟ್ರಟ್ಟನ್ನು ಬಿಚ್ಚುವ ಉತ್ಸಾಹವೂ ಸಲ್ಲದು. ಸರಿಯಾದ ಕಂಪ್ರೆಸರಿನಿಂದ ಅದುಮಿ ಹಿಡಿಯದೆ ಮೇಲಿನ ನಟ್ಟನ್ನು ಸಡಿಲಿಸಿದರೆ ಸ್ಪ್ರಿಂಗು ಗುಂಡಿನಂತೆ ಚಿಮ್ಮುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಿರಾಕಿಗಳಾದ ನಾವೇ ನೆನಪಿಸಬೇಕಾಗುತ್ತದೆ. ಹೊಸ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಪೂರಾ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ ಮತ್ತು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಬಳಿಕವೇ ಕೊನೆಯ ಬಿಗಿತ ಕೊಡಬೇಕು. ಆ ಮೇಲೆ ಚಕ್ರಗಳ ಅಲೈನ್‌ಮೆಂಟನ್ನು ಮಾಡಿಸಿ ಅಳತೆಯ ಚೀಟಿಯನ್ನು ಕೇಳಿ ಪಡೆಯಬೇಕು. ಈ ಎರಡನ್ನೂ ಹೇಳದೆಯೇ ಮಾಡುವ ಮೆಕ್ಯಾನಿಕ್ಕು ಸಿಕ್ಕರೆ ಅವನ ಫೋನ್ ನಂಬರನ್ನು ಬಳಗದವರಿಗೆಲ್ಲ ಹಂಚಬೇಕು.

ಅಂಥವರು ಉಳಿಯಬೇಕಾದರೆ ಪರೀಕ್ಷೆಗೆ ನಾವು ಹಣ ಕೊಡಲು ಕಲಿಯಬೇಕು. ವೈದ್ಯರಿಗೆ ತಪಾಸಣೆಯ ಶುಲ್ಕ ಕೊಡುವ ನಾವು, ಅರ್ಧ ಗಂಟೆ ಕಾರಿನಡಿ ಮಲಗಿದವನಿಗೆ ‘ಏನೂ ಬದಲಿಸಲಿಲ್ಲವಲ್ಲ’ ಎಂದು ಬರಿಗೈ ತೋರಿಸುತ್ತೇವೆ. ಬದಲಿಸಿದರಷ್ಟೇ ಸಂಪಾದನೆ ಎಂದಾದರೆ ಅವನು ಬದಲಿಸದೆ ಇನ್ನೇನು ಮಾಡುತ್ತಾನೆ? ಮಳೆಗಾಲ ಮುಗಿದು ಹಬ್ಬಗಳಿಗೆ ಊರಿನ ಹಾದಿ ಹಿಡಿಯುವ ಮುನ್ನ, ಸದ್ದಿನ ಚೀಟಿಯೊಂದನ್ನು ಬರೆದುಕೊಂಡು ಹೋಗಿ, ದೋಷವನ್ನು ಕಣ್ಣಾರೆ ತೋರಿಸುವಂತೆ ಕೇಳಿ, ತೋರಿಸಿದವನಿಗೆ ಅವನ ಕೂಲಿಯನ್ನು ಕೊಡೋಣ. ದುರಸ್ತಿ ಎಂಬ ಮಾತು ಉಳಿಯಲು ನಮ್ಮಿಂದ ಆಗಬೇಕಾದದ್ದು ಇಷ್ಟು.